ಗೋಡೆಯಗಲ ಟಿ.ವಿ., ಗೇಣಗಲ ಜೇಬು

2025ರ ಸೆಪ್ಟೆಂಬರ್ 27. ಆಯುಧಪೂಜೆಗೆ ಮುಂಚಿನ ಶನಿವಾರ. ಅರಸೀಕೆರೆಯ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದು ದಿನ ಮೊದಲು, ಅಂದರೆ 22ನೇ ತಾರೀಖಿನಿಂದ, 32 ಇಂಚಿಗಿಂತ ದೊಡ್ಡದಾದ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ 28ರಿಂದ ಶೇ 18ಕ್ಕೆ ಇಳಿದಿತ್ತು. ತೆರಿಗೆ ಬಿಟ್ಟು 20 ಸಾವಿರ ರೂಪಾಯಿ ಬೆಲೆಯ ಟಿ.ವಿ. 25,600ರ ಬದಲು 23,600ಕ್ಕೆ ಸಿಗುವಂತಾಗಿತ್ತು. ಸಾಲದೆಂಬಂತೆ ಮರುದಿನ ಭಾನುವಾರ ದುಬೈನಲ್ಲಿ ಏಷ್ಯಾ ಕಪ್ ಫೈನಲ್, ಅದೂ ಭಾರತ–ಪಾಕಿಸ್ತಾನ! ಗೋಡೆಯ ತುಂಬ ತೂಗುಹಾಕಿದ್ದ ಪರದೆಗಳಲ್ಲೆಲ್ಲ ಒಂದೇ ಗಿಳಿ ಒಂದೇ ಕೊಂಬೆಯಿಂದ ನಿಧಾನವಾಗಿ ಹಾರುತ್ತಿತ್ತು. ಅದರ ಒಂದೊಂದು ಪುಕ್ಕವನ್ನೂ ಎಣಿಸಬಹುದಿತ್ತು.

ಆ ಗುಂಪಿನ ನಡುವೆ ಒಂದು ಸಂಸಾರ. ಯಜಮಾನರು ಸಾರಿಗೆ ಸಂಸ್ಥೆಯ ಬಸ್ ಕಂಡಕ್ಟರು. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಮಗ ಮೊದಲ ಪಿ.ಯು.ಸಿ. ಜತೆಗೆ ಯಜಮಾನರ ತಾಯಿ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೊಂದು ಕಣ್ಣಿನ ಸರದಿಗೆ ಕಾಯುತ್ತಿರುವ ಅಜ್ಜಿ. 2005ರಲ್ಲಿ ಕೊಂಡಿದ್ದ 21 ಇಂಚಿನ ಹಳೆಯ ಟಿ.ವಿ. ಇಪ್ಪತ್ತು ವರ್ಷ ದುಡಿದು ಆ ವರ್ಷದ ಮಳೆಗಾಲದಲ್ಲಿ ಕಣ್ಣು ಮುಚ್ಚಿತ್ತು. ಚೀಟಿ ಎತ್ತಿ ಕೂಡಿಸಿದ ಹಣ 28 ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಲಿಗೆಯ ಸಂಪಾದನೆ. ಸ್ವಸಹಾಯ ಸಂಘದ ಸಾಲದ ಕಂತು ಇನ್ನೂ ಹತ್ತು ತಿಂಗಳು ಬಾಕಿ.

ಮಗನ ಕಣ್ಣು 55 ಇಂಚಿನ ಮೇಲೆ ನೆಟ್ಟಿತ್ತು. ಹೆಸರು ಕೇಳಿರದ ಕಂಪನಿ, ಬೆಲೆ 33,500. ಪೆಟ್ಟಿಗೆಯ ಮೇಲೆ 4ಕೆ, ಎಚ್.ಡಿ.ಆರ್., ಕ್ಯೂ.ಎಲ್.ಇ.ಡಿ. ಎಂದು ಬಿರುದಾವಳಿ. ‘ಮಿಕ್ಕಿದ್ದಕ್ಕೆ ಇ.ಎಂ.ಐ. ಮಾಡ್ಕೊಡ್ತೀವಿ ಸಾರ್, ಬಡ್ಡಿ ಇಲ್ಲ’ ಎಂದ ಅಂಗಡಿಯ ಹುಡುಗ.

ಬಡ್ಡಿಯಿಲ್ಲದ ಸಾಲ ಯಾರೂ ಕೊಡುವುದಿಲ್ಲ ಎಂಬುದನ್ನು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿ ಹೇಳಿದೆ. ‘ನೋ ಕಾಸ್ಟ್’ ಕಂತುಗಳಲ್ಲಿ ಬಡ್ಡಿ ಎಲ್ಲೋ ಅಡಗಿಕೊಂಡಿರುತ್ತದೆ. ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ, ಅಥವಾ ಪ್ರೊಸೆಸಿಂಗ್ ಶುಲ್ಕವೆಂದು ಒಂದಿಷ್ಟು ಸೇರುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಭಾಗದ ಮೇಲೆ ಶೇ 18 ಜಿ.ಎಸ್.ಟಿ. ಬೇರೆ. ‘ನಗದಾದರೆ ಎಷ್ಟು?’ ಎಂಬ ಒಂದೇ ಪ್ರಶ್ನೆ ಕೇಳಿದರೆ ಅಡಗಿದ್ದು ಹೊರಬರುತ್ತದೆ.

ಹೆಂಡತಿ ಕೇಳಿದ್ದು ಬೇರೆಯ ಪ್ರಶ್ನೆ. ‘ರೀ, ಇದು ಕೆಟ್ಟರೆ ರಿಪೇರಿ ಮಾಡೋರು ಎಲ್ಲಿದಾರೆ?’ ಹುಡುಗ ಬೆಂಗಳೂರಿನ ಒಂದು ಫೋನ್ ನಂಬರು ತೋರಿಸಿದ. ಆ ಸಂಜೆ ಅವರು ಬರಿಗೈಯಲ್ಲಿ ಮನೆಗೆ ಮರಳಿದರು. ಮಗ ಫೈನಲ್ ಪಂದ್ಯವನ್ನು ಪಕ್ಕದ ಮನೆಯಲ್ಲಿ ನೋಡಿದ. ಭಾರತ ಐದು ವಿಕೆಟ್‌ಗಳಿಂದ ಗೆದ್ದಿತು. ಅವನ ಮುನಿಸು ಮಾತ್ರ ಮತ್ತೆರಡು ದಿನ ಇಳಿಯಲಿಲ್ಲ.

ಇಂಚಿನ ಲೆಕ್ಕ

ಟಿ.ವಿ.ಯ ಇಂಚು ಎಂದರೆ ಕರ್ಣದ ಅಳತೆ, ಒಂದು ಮೂಲೆಯಿಂದ ಎದುರು ಮೂಲೆಗೆ. ಎಸ್ಸೆಸ್ಸೆಲ್ಸಿಯ ಪೈಥಾಗೊರಸ್ ಪ್ರಮೇಯ ನೆನಪಿದ್ದವರಿಗೆ ಉಳಿದದ್ದು ಸುಲಭ. ಈಗಿನ ಪರದೆಗಳ ಅಗಲ–ಎತ್ತರದ ಅನುಪಾತ 16:9. ಹಾಗಾಗಿ 43 ಇಂಚಿನದರ ಅಗಲ ಸುಮಾರು ಮೂವತ್ತೇಳೂವರೆ ಇಂಚು, ಎತ್ತರ 21 ಇಂಚು. 55ರದಾದರೆ ಅಗಲ 48, ಎತ್ತರ 27. ಹಳೆಯ ಡಬ್ಬಿ ಟಿ.ವಿ.ಗಳ ಅನುಪಾತ 4:3 ಆಗಿತ್ತು, ಚೌಕಕ್ಕೆ ಹತ್ತಿರ. ಅದರಿಂದ ಒಂದು ವಿಚಿತ್ರವಿದೆ: ಹಳೆಯ 21 ಇಂಚಿನ ಬದಲು ಹೊಸ 24 ಇಂಚಿನದನ್ನು ತಂದರೆ ಚಿತ್ರದ ಎತ್ತರ ಹೆಚ್ಚುವುದಿಲ್ಲ, ಬದಲಿಗೆ ಕೊಂಚ ಕಡಿಮೆಯೇ ಆಗುತ್ತದೆ! ‘ದೊಡ್ಡದು ತಂದೆವು, ಮುಖ ಚಿಕ್ಕದಾಯಿತು’ ಎಂದು ಗೊಣಗುವವರ ದೂರಿನಲ್ಲಿ ಹುರುಳಿದೆ.

ಇನ್ನೊಂದು ಮಾತು. ಕರ್ಣ ಇಂಚಿಂಚಾಗಿ ಬೆಳೆದಾಗ ವಿಸ್ತೀರ್ಣ ವರ್ಗದಲ್ಲಿ ಬೆಳೆಯುತ್ತದೆ. 32ರಿಂದ 43ಕ್ಕೆ ಹೋದರೆ ಹನ್ನೊಂದೇ ಇಂಚು ಎನಿಸಬಹುದು. ಪರದೆಯ ವಿಸ್ತೀರ್ಣ ಮಾತ್ರ ಶೇ 80ರಷ್ಟು ಹೆಚ್ಚುತ್ತದೆ. 55 ಇಂಚಿನದು 32ರ ಸುಮಾರು ಮೂರರಷ್ಟು. ಆದ್ದರಿಂದಲೇ 32ರಿಂದ 43ಕ್ಕೆ ಏರಲು ಕೊಡುವ ಹಣಕ್ಕೆ ಕಣ್ಣಿಗೆ ಕಾಣುವ ಪ್ರತಿಫಲ ಸಿಗುತ್ತದೆ.

ಕಂಡಕ್ಟರರ ಮನೆಯ ನಡುಮನೆ ಹತ್ತು ಅಡಿಗೆ ಹನ್ನೆರಡು. ಹೆಂಡತಿ ಹೊಲಿಗೆಯ ಟೇಪಿನಿಂದ ಅಳೆದರು. ಗೋಡೆಯಿಂದ ಕುರ್ಚಿಗೆ ಎಂಟು ಅಡಿ, ಅಜ್ಜಿ ಕೂರುವ ಚಾಪೆಗೆ ನಾಲ್ಕೂವರೆ. ಸಾಧಾರಣವಾಗಿ ಕರ್ಣದ ಎರಡರಿಂದ ಎರಡೂವರೆ ಪಟ್ಟು ದೂರದಲ್ಲಿ ಕುಳಿತರೆ ನಿತ್ಯದ ವಾರ್ತೆ, ಧಾರಾವಾಹಿಗಳಿಗೆ ಹಿತ. ಎಂಟು ಅಡಿ ಎಂದರೆ 96 ಇಂಚು. ಅದಕ್ಕೆ ಹೊಂದುವುದು 38ರಿಂದ 48ರೊಳಗಿನ ಪರದೆ. ಸಿನಿಮಾ ಮಂದಿರದ ಅನುಭವವೇ ಬೇಕೆಂದರೆ ಇನ್ನೂ ದೊಡ್ಡದಾಗಬಹುದು, 55 ಇಂಚು ಆ ಕೋಣೆಗೆ ತೀರ ಅತಿಯೇನಲ್ಲ. ಮಗನ ವಾದದಲ್ಲೂ ಸತ್ಯವಿತ್ತು.

4ಕೆ ಯಾರಿಗೆ?

ಹಾಗಾದರೆ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ 4ಕೆ? ಪರದೆ ಎಂಬುದು ಲಕ್ಷಾಂತರ ಚುಕ್ಕೆಗಳ ರಂಗೋಲಿ. ಫುಲ್ ಎಚ್.ಡಿ. ಎಂದರೆ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕೆಗಳು. 4ಕೆ ಎಂದರೆ ಅದರ ನಾಲ್ಕರಷ್ಟು, 82,94,400. ಹೆಚ್ಚಾದಷ್ಟೂ ಒಳ್ಳೆಯದಲ್ಲವೆ? ಕಣ್ಣನ್ನು ಕೇಳಬೇಕು.

ಆರೋಗ್ಯವಂತ ಕಣ್ಣು ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಅವುಗಳ ನಡುವಿನ ಕೋನ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವಾದರೂ ಇರಬೇಕು. ಸುಮಾರು ಹನ್ನೊಂದು ಅಡಿ ದೂರದಲ್ಲಿ ಒಂದು ಮಿಲಿಮೀಟರ್ ಅಂತರ ಉಂಟುಮಾಡುವ ಕೋನ ಅದು. ಎಂಟು ಅಡಿಗೆ ಇದು 0.7 ಮಿ.ಮೀ. ಆಗುತ್ತದೆ. ಈಗ 43 ಇಂಚಿನ ಫುಲ್ ಎಚ್.ಡಿ. ಪರದೆಯ ಒಂದು ಚುಕ್ಕೆಯ ಅಗಲ ಎಷ್ಟು? ಅರ್ಧ ಮಿಲಿಮೀಟರ್. 55 ಇಂಚಿನದರಲ್ಲಿ 0.63 ಮಿ.ಮೀ. ಅಂದರೆ ಎಂಟು ಅಡಿಯಲ್ಲಿ ಕುಳಿತವನಿಗೆ ಫುಲ್ ಎಚ್.ಡಿ.ಯ ಚುಕ್ಕೆಗಳೇ ಬೇರೆಯಾಗಿ ಕಾಣುವುದಿಲ್ಲ. ಅದನ್ನು ಮತ್ತೆ ನಾಲ್ಕು ಮಾಡಿದರೆ ಕಣ್ಣಿಗೆ ಆಗುವ ಲಾಭ ಅತ್ಯಲ್ಪ. ನಾಲ್ಕೈದು ಅಡಿಯಲ್ಲಿ ಕುಳಿತು ನೋಡುವ ಎಳೆಗಣ್ಣಿಗೆ ವ್ಯತ್ಯಾಸ ತಿಳಿದೀತು. ಆ ಮನೆಯಲ್ಲಿ ಅಷ್ಟು ಹತ್ತಿರ ಕೂರುವವರು ಅಜ್ಜಿ. ಪೊರೆಗಣ್ಣಿಗೆ ಬೇಕಾದದ್ದು ದೊಡ್ಡ ಅಕ್ಷರ, ಸೂಕ್ಷ್ಮ ಚುಕ್ಕೆಯಲ್ಲ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಮನೆಗೆ ಬರುವ ಚಿತ್ರದಲ್ಲಿ ಎಷ್ಟು ಚುಕ್ಕೆಗಳಿವೆ? ಸಾಮಾನ್ಯ ಕೇಬಲ್ ಅಥವಾ ಡಿಷ್ ಪೆಟ್ಟಿಗೆಯ ಎಸ್.ಡಿ. ಚಾನೆಲ್ಲಿನ ಚಿತ್ರ ಹೆಚ್ಚೆಂದರೆ 720ಕ್ಕೆ 576, ಅಂದರೆ 4,14,720 ಚುಕ್ಕೆ. 82,94,400ನ್ನು ಇದರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಸರಿಯಾಗಿ 20! ಕೇಬಲ್ಲಿನಿಂದ ಬಂದ ಒಂದು ಚುಕ್ಕೆಯ ಬಣ್ಣವನ್ನು 4ಕೆ ಪರದೆ ಇಪ್ಪತ್ತು ಚುಕ್ಕೆಗಳಿಗೆ ಹಂಚಬೇಕು. ಒಂದು ಸೇರು ಹಾಲಿಗೆ ಇಪ್ಪತ್ತು ಸೇರು ನೀರು ಬೆರೆಸಿದಂತೆ. ಟಿ.ವಿ.ಯೊಳಗಿನ ಚಿಪ್ ನಡುವಿನ ಚುಕ್ಕೆಗಳನ್ನು ಊಹಿಸಿ ತುಂಬುತ್ತದೆ ನಿಜ, ಹೊಸ ವಿವರವನ್ನು ಎಲ್ಲಿಂದ ತಂದೀತು? ಹಳೆಯ 21 ಇಂಚಿನಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದ ವಾರ್ತಾವಾಚಕಿಯ ಮುಖ 55 ಇಂಚಿನಲ್ಲಿ ಮೇಣದ ಬೊಂಬೆಯಂತೆ ಕಾಣುವುದಕ್ಕೆ ಇದೇ ಕಾರಣ. ಎಷ್ಟೋ ಮನೆಗಳಲ್ಲಿ ‘ಟಿ.ವಿ. ಸರಿಯಿಲ್ಲ’ ಎಂದು ಅಂಗಡಿಯವನ ಜತೆ ಜಗಳವಾಗುತ್ತದೆ. ಟಿ.ವಿ. ಸರಿಯಾಗಿಯೇ ಇರುತ್ತದೆ, ಬದಲಿಸಬೇಕಾದದ್ದು ಅದರ ಕೆಳಗಿನ ಪುಟ್ಟ ಪೆಟ್ಟಿಗೆ. ಎಚ್.ಡಿ. ಸೆಟ್‌ಟಾಪ್ ಬಾಕ್ಸ್, ಎಚ್.ಡಿ. ಚಾನೆಲ್‌ಗಳು, ಜತೆಗೆ ಎಚ್.ಡಿ.ಎಂ.ಐ. ತಂತಿ. ಹಳೆಯ ಹಳದಿ–ಕೆಂಪು–ಬಿಳಿ ತಂತಿಯನ್ನೇ ಸಿಕ್ಕಿಸಿದರೆ ಎಚ್.ಡಿ. ಪೆಟ್ಟಿಗೆಯೂ ಎಸ್.ಡಿ. ಚಿತ್ರವನ್ನೇ ಕೊಡುತ್ತದೆ.

ಮೊಬೈಲಿನ ಅಂತರ್ಜಾಲವನ್ನು ಟಿ.ವಿ.ಗೆ ಹರಿಸಿ ಸಿನಿಮಾ ನೋಡುವವರಿಗೂ ಒಂದು ಲೆಕ್ಕ. 4ಕೆ ಚಿತ್ರ ಗಂಟೆಗೆ 7 ಜಿ.ಬಿ.ವರೆಗೆ ಡೇಟಾ ನುಂಗಬಲ್ಲದು, ಫುಲ್ ಎಚ್.ಡಿ. ಸುಮಾರು 3 ಜಿ.ಬಿ. ದಿನಕ್ಕೆ 2 ಜಿ.ಬಿ. ಸಿಗುವ ಸಿಮ್ಮಿನಲ್ಲಿ 4ಕೆ ಚಿತ್ರ ಹಚ್ಚಿದರೆ ನಾಯಕ–ನಾಯಕಿ ಭೇಟಿಯಾಗುವ ಮುನ್ನವೇ ಡೇಟಾ ಮುಗಿದಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ 4ಕೆ ಬೇಡವೇ ಬೇಡ ಎಂದಲ್ಲ. 50 ಇಂಚಿನ ಮೇಲೆ ಇಂದು ಬರುವುದು ಬಹುತೇಕ 4ಕೆಯೇ. 43 ಇಂಚಿನಲ್ಲಿ ಎರಡೂ ಸಿಗುತ್ತವೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದಿದ್ದರೆ, ಪರದೆಯ ಗುಣ ಚೆನ್ನಾಗಿದ್ದರೆ ತೆಗೆದುಕೊಳ್ಳಬಹುದು. ಆ ಎರಡಕ್ಷರಕ್ಕಾಗಿಯೇ ಐದಾರು ಸಾವಿರ ಸುರಿಯುವುದು ದಂಡ.

ಕ್ಯಾರೆಟ್ಟಿನಿಂದ ಗೋಡೆಯವರೆಗೆ

ಪರದೆಯ ಗುಣ ಎಂದರೇನು? ಅದನ್ನರಿಯಲು ಒಂದಿಷ್ಟು ಹಿಂದೆ ಹೋಗಬೇಕು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಶ್ ರೈನಿಟ್ಸರ್, ಕ್ಯಾರೆಟ್ಟಿನ ಕೊಲೆಸ್ಟರಾಲ್‌ನಿಂದ ತಯಾರಿಸಿದ ವಸ್ತುವೊಂದನ್ನು ಕಾಯಿಸುತ್ತಿದ್ದ. ಅದು 145 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು. ಮತ್ತೆ ಕಾಯಿಸಿದರೆ 179 ಡಿಗ್ರಿಯ ಹತ್ತಿರ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುವ ಬಿಂದು! ಜರ್ಮನಿಯ ಒಟ್ಟೊ ಲೇಮನ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಹರಿಯುವುದರಲ್ಲಿ ದ್ರವದಂತೆಯೂ ಅಣುಗಳ ಜೋಡಣೆಯಲ್ಲಿ ಹರಳಿನಂತೆಯೂ ಇರುವ ಈ ಸ್ಥಿತಿಗೆ ದ್ರವಸ್ಫಟಿಕ ಎಂಬ ಹೆಸರು ಕೊಟ್ಟ. ಎಂಬತ್ತು ವರ್ಷಗಳ ನಂತರ, 1968ರಲ್ಲಿ, ಅಮೆರಿಕದ ಜಾರ್ಜ್ ಹೈಲ್ಮೈಯರ್ ತಂಡ ಇದನ್ನು ಬಳಸಿದ ಪ್ರದರ್ಶಕವನ್ನು ಲೋಕಕ್ಕೆ ತೋರಿಸಿತು. ಅದೇ ಎಲ್.ಸಿ.ಡಿ.

ಕೆಲಸ ಮಾಡುವ ಬಗೆ ಸ್ಥೂಲವಾಗಿ ಹೀಗೆ. ಹಿಂದೊಂದು ಬಿಳಿ ಬೆಳಕು. ಅದರ ಮುಂದೆ ಕಿಟಕಿಯ ಸರಳುಗಳಂತೆ ಕೆಲಸ ಮಾಡುವ ಎರಡು ಹಾಳೆಗಳು, ಒಂದರ ಸರಳು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಉದ್ದ ಸರಳಿನಲ್ಲಿ ನಿಲ್ಲಿಸಿ ತೂರಿಸಿದ ತಟ್ಟೆ ಅಡ್ಡ ಸರಳಿನಲ್ಲಿ ತೂರುವುದಿಲ್ಲವಷ್ಟೆ? ಬೆಳಕೂ ಹಾಗೆಯೇ ತಡೆಯಲ್ಪಡುತ್ತದೆ. ನಡುವೆ ದ್ರವಸ್ಫಟಿಕದ ತೆಳುಪದರವಿದ್ದು ಅದರ ಅಣುಗಳು ಬೆಳಕನ್ನು ತಿರುಚಿದರೆ ಅದು ಎರಡನೆಯ ಹಾಳೆಯನ್ನು ದಾಟುತ್ತದೆ. ವಿದ್ಯುತ್ತಿನಿಂದ ಅಣುಗಳ ನಿಲುವನ್ನು ಬದಲಿಸಿದರೆ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿಯ ಮೂರು ಕಿಟಕಿಗಳು.

ಹಿಂದಿನ ಬೆಳಕಿಗೆ ಮೊದಲು ತೆಳ್ಳನೆಯ ಟ್ಯೂಬ್‌ಲೈಟುಗಳಿದ್ದವು. ಈಗ ಎಲ್.ಇ.ಡಿ. ದೀಪಗಳಿವೆ. ಅಷ್ಟಕ್ಕೇ ‘ಎಲ್.ಇ.ಡಿ. ಟಿ.ವಿ.’ ಎಂಬ ಹೆಸರು ಬಂತು, ಪರದೆ ಅದೇ ಎಲ್.ಸಿ.ಡಿ. ‘ಕ್ಯೂ.ಎಲ್.ಇ.ಡಿ.’ ಎಂದರೆ ಅದಕ್ಕೇ ಕ್ವಾಂಟಮ್ ಚುಕ್ಕೆಗಳ ಒಂದು ಪದರ ಸೇರಿಸಿ ಬಣ್ಣವನ್ನು ಶುದ್ಧಗೊಳಿಸಿದ್ದು. (ನೀಲಿ ಎಲ್.ಇ.ಡಿ.ಗೆ 2014ರಲ್ಲಿ, ಕ್ವಾಂಟಮ್ ಚುಕ್ಕೆಗಳಿಗೆ 2023ರಲ್ಲಿ ನೊಬೆಲ್ ಬಂತು. ಅಗ್ಗದ ಟಿ.ವಿ.ಯ ಪೆಟ್ಟಿಗೆಯಲ್ಲೂ ಎರಡೆರಡು ನೊಬೆಲ್ ಕುಳಿತಿವೆ!) ‘ಒ.ಎಲ್.ಇ.ಡಿ.’ ಮಾತ್ರ ನಿಜಕ್ಕೂ ಬೇರೆ ಜಾತಿ. ಅಲ್ಲಿ ಚುಕ್ಕೆಗಳೇ ಸ್ವತಃ ಬೆಳಗುತ್ತವೆ, ಆದ್ದರಿಂದ ಕಪ್ಪು ನಿಜವಾದ ಕಪ್ಪಾಗಿರುತ್ತದೆ. 28 ಸಾವಿರದವರಿಗೆ ಅದು ಎಟುಕದ ದ್ರಾಕ್ಷಿ.

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ ಎಂಬುದು ಹಲವರಿಗೆ ತಿಳಿಯದು. ಸರ್ ಸಿ.ವಿ. ರಾಮನ್ ಅವರ ಸೋದರಿಯ ಮಗ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ದ್ರವಸ್ಫಟಿಕಗಳ ಅಧ್ಯಯನ ನಡೆಸಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅಲ್ಲಿಯವರೆಗೆ ದ್ರವಸ್ಫಟಿಕ ಆಗಲು ಅಣು ಕಡ್ಡಿಯಂತೆ ನೀಳವಾಗಿರಬೇಕು ಎಂಬ ನಂಬಿಕೆಯಿತ್ತು. 1977ರಲ್ಲಿ ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ಒಂದರ ಮೇಲೊಂದು ಕಾಸು ಪೇರಿಸಿದಂತೆ ಕಂಬವಾಗಿ ಜೋಡಣೆಗೊಂಡು ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಸಂಶೋಧನೆ ಪ್ರಕಟವಾದದ್ದು ವಿದೇಶದಲ್ಲಲ್ಲ, ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಎಲ್.ಸಿ.ಡಿ. ಪರದೆಗಳ ದೊಡ್ಡ ದೋಷವೆಂದರೆ ಓರೆಯಿಂದ ನೋಡಿದರೆ ಬಣ್ಣ ಕೆಡುವುದು. ಅದನ್ನು ತಿದ್ದಲು ಮುಂದೆ ಬಂದ ಹಾಳೆಗಳಲ್ಲಿ ಬಳಕೆಯಾದದ್ದು ಇಂಥ ಬಿಲ್ಲೆಯಾಕಾರದ ಅಣುಗಳೇ.

ಅಜ್ಜಿಯ ಪರೀಕ್ಷೆ

ಓರೆಯಿಂದ ನೋಡುವ ಈ ಸಮಸ್ಯೆ ನಮ್ಮ ಮನೆಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಪರದೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ವಿ.ಎ. ಎಂಬುದರಲ್ಲಿ ಕಪ್ಪು ಗಾಢವಾಗಿರುತ್ತದೆ, ಬೆಳಕು–ಕತ್ತಲೆಯ ಅಂತರ ಮೂರು ಸಾವಿರ ಪಟ್ಟು ಅಥವಾ ಅದಕ್ಕೂ ಹೆಚ್ಚು. ಆದರೆ ಪಕ್ಕಕ್ಕೆ ಸರಿದರೆ ಬಣ್ಣ ಪೇಲವವಾಗುತ್ತದೆ. ಐ.ಪಿ.ಎಸ್. ಎಂಬುದರಲ್ಲಿ ಆ ಅಂತರ ಸಾವಿರ ಪಟ್ಟಿನ ಆಸುಪಾಸು, ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿಯಂತೆ ಕಾಣುತ್ತದೆ. ಆದರೆ ಓರೆಯಿಂದಲೂ ಬಣ್ಣ ಉಳಿಯುತ್ತದೆ. ಒಬ್ಬರೇ ಎದುರಿಗೆ ಕುಳಿತು ರಾತ್ರಿ ಸಿನಿಮಾ ನೋಡುವವರಿಗೆ ಮೊದಲನೆಯದು. ಒಬ್ಬರು ಸೋಫಾದಲ್ಲಿ, ಒಬ್ಬರು ಅಡುಗೆಮನೆಯ ಬಾಗಿಲಲ್ಲಿ, ಇನ್ನೊಬ್ಬರು ಚಾಪೆಯ ಮೇಲೆ ಇರುವ ಮನೆಗೆ ಎರಡನೆಯದು.

ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ. ಹಳೆಯ ಟಿ.ವಿ.ಗೆ ಇನ್ನು ಜೀವವಿಲ್ಲ ಎಂದು ತೀರ್ಪು ಕೊಟ್ಟಿದ್ದ ಬೀದಿಯ ರಿಪೇರಿಯವನು ಕಂಡಕ್ಟರರಿಗೆ ಹೇಳಿದ್ದಿಷ್ಟು: ‘ಅಣ್ಣಾ, ನೀವು ತಗೊಳ್ಳೋದು ಟಿ.ವಿ. ಅಲ್ಲ, ಪ್ಯಾನೆಲ್ಲು. ಹಿಂದಿನ ದೀಪದ ಪಟ್ಟಿ ಸುಟ್ಟರೆ ನಾನೇ ಹಾಕ್ಕೊಡ್ತೀನಿ, ಬೋರ್ಡು ಹೋದ್ರೆ ನೋಡಬಹುದು. ಪ್ಯಾನೆಲ್ ಹೋದ್ರೆ ಹೊಸ ಟಿ.ವಿ.ನೇ ತಗೊಳ್ಳಿ.’

ಮಾತು ನಿಜ. ಪ್ಯಾನೆಲ್ ಬದಲಿಸುವ ಖರ್ಚು ಟಿ.ವಿ.ಯ ಬೆಲೆಯ ಅರ್ಧವನ್ನೂ ಮೀರುವುದು ಸಾಮಾನ್ಯ. ಅದು ಬಿರುಕುಬಿಟ್ಟರೆ ಗ್ಯಾರಂಟಿಗೆ ಸೇರುವುದೂ ಇಲ್ಲ. ಜಗತ್ತಿನ ಈ ಪ್ಯಾನೆಲ್‌ಗಳೆಲ್ಲ ತಯಾರಾಗುವುದು ಕೆಲವೇ ಕಾರ್ಖಾನೆಗಳಲ್ಲಿ, ಹೆಚ್ಚಿನವು ಚೀನಾದಲ್ಲಿ. ಸ್ಯಾಮ್‌ಸಂಗ್ ಕಂಪನಿಯ ಪರದೆ ವಿಭಾಗ 2022ರಲ್ಲಿ ಎಲ್.ಸಿ.ಡಿ. ತಯಾರಿಕೆಯನ್ನೇ ನಿಲ್ಲಿಸಿತು. ಬೇರೆ ಬೇರೆ ಹೆಸರಿನ ಟಿ.ವಿ.ಗಳ ಒಳಗೆ ಒಂದೇ ಕಾರ್ಖಾನೆಯ ಪ್ಯಾನೆಲ್ ಇರುವುದುಂಟು. ಹಾಗೆಂದು ಎಲ್ಲ ಹೆಸರೂ ಒಂದೇ ಅಲ್ಲ. ದೀಪಗಳ ಗುಣ, ವಿದ್ಯುತ್ ಬೋರ್ಡು, ಬಣ್ಣದ ಹೊಂದಾಣಿಕೆ, ಎಲ್ಲಕ್ಕೂ ಮಿಗಿಲಾಗಿ ಕೆಟ್ಟಾಗ ಮನೆಗೆ ಬರುವ ಮನುಷ್ಯ, ಇವೇ ಒಂದು ಕಂಪನಿಯನ್ನು ಇನ್ನೊಂದರಿಂದ ಬೇರೆ ಮಾಡುವುದು. ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಅಷ್ಟಾಗಿ ತಟ್ಟದು. ತಾಲ್ಲೂಕಿನವರು ಕೊಳ್ಳುವ ಮೊದಲೇ ಆ ಕಂಪನಿಯ ನಂಬರಿಗೆ ಫೋನ್ ಮಾಡಿ, ‘ನಮ್ಮೂರಿಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ?’ ಎಂದು ಕೇಳಿದರೆ ಹೋಗುವುದೇನೂ ಇಲ್ಲ.

ವಿಜಯದಶಮಿ ಕಳೆದು ಜನ ಕರಗಿದ ಮೇಲೆ ನಾಲ್ವರೂ ಮತ್ತೆ ಅಂಗಡಿಗೆ ಹೋದರು. ಈ ಸಲ ಹೆಂಡತಿ ಗಿಳಿಯ ಚಿತ್ರ ನಿಲ್ಲಿಸಲು ಹೇಳಿದರು. ಅಂಗಡಿಯ ಪ್ರದರ್ಶನದ ಚಿತ್ರಗಳನ್ನು 4ಕೆಯಲ್ಲಿಯೇ ತೆಗೆದಿರುತ್ತಾರೆ. ಟಿ.ವಿ.ಯನ್ನೂ ಅಂಗಡಿಯ ಟ್ಯೂಬ್‌ಲೈಟುಗಳ ನಡುವೆ ಎದ್ದು ಕಾಣಲೆಂದು ಅತಿ ಪ್ರಖರವಾಗಿ ಇಟ್ಟಿರುತ್ತಾರೆ. ‘ಕೇಬಲ್ ಹಾಕಪ್ಪ, ವಾರ್ತೆ ಬರಲಿ’ ಎಂದರು. ಹುಡುಗ ಒಲ್ಲದ ಮನಸ್ಸಿನಿಂದಲೇ ಹಾಕಿದ. 55 ಇಂಚಿನ ಹೆಮ್ಮೆ ಅರ್ಧ ಅಲ್ಲೇ ಇಳಿಯಿತು. ಮಗ ಪೆನ್‌ಡ್ರೈವಿನಲ್ಲಿ ಒಂದು ಕ್ರಿಕೆಟ್ ತುಣುಕು, ಒಂದು ಪೂರ್ತಿ ಕಪ್ಪು ಚಿತ್ರ, ಒಂದು ಪೂರ್ತಿ ಬಿಳಿ ಚಿತ್ರ ತಂದಿದ್ದ. ಅದೂ ರಿಪೇರಿಯವನ ಉಪದೇಶ. ಕಪ್ಪು ಚಿತ್ರದಲ್ಲಿ ಒಂದು ಟಿ.ವಿ.ಯ ಮೂಲೆಗಳಿಂದ ಬೆಳಕು ಮೋಡದಂತೆ ಸೋರುತ್ತಿತ್ತು. ಬಿಳಿಯಲ್ಲಿ ಇನ್ನೊಂದರ ನಡುವೆ ಕೊಳೆಯಂಥ ಪಟ್ಟೆ.

ಆಮೇಲೆ ಅಜ್ಜಿಗೆ ಕಾಲು ನೋವು. ಅಲ್ಲೇ ಇದ್ದ ಮೋಡಾದ ಮೇಲೆ ಕುಳಿತರು. ಮೇಲೆ ಗೋಡೆಯಲ್ಲಿದ್ದ 55 ಇಂಚಿನತ್ತ ಕತ್ತೆತ್ತಿ, ‘ಇದೇನ್ ಮಗಾ, ಎಲ್ಲಾ ಬೆಳ್ಳಗೆ ಕಾಣ್ತದೆ?’ ಎಂದರು. ಅಂಗಡಿಯ ಹುಡುಗ ‘ಅಜ್ಜಿ, ನಿಮ್ ಕಣ್ಣು...’ ಎನ್ನುವಷ್ಟರಲ್ಲಿ ಮೊಮ್ಮಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದ. ಹೌದು, ಕೆಳಗಿನಿಂದ ಬಣ್ಣವೆಲ್ಲ ತೊಳೆದಂತೆ ಕಾಣುತ್ತಿತ್ತು. ಅಜ್ಜಿ ಪಕ್ಕದ 43ರತ್ತ ಬೆರಳು ತೋರಿಸಿದರು. ‘ಅದ್ರಾಗೆ ಚೆನ್ನಾಗದೆ ನೋಡು.’

ಆ 43 ಇಂಚಿನದು ಫುಲ್ ಎಚ್.ಡಿ., ಹೆಸರುಳ್ಳ ಕಂಪನಿಯದು, ನಗದಿಗೆ 23,900. ಹಾಸನದಲ್ಲಿ ಅವರ ಸರ್ವಿಸ್ ಕೇಂದ್ರವಿದೆ ಎಂದು ಫೋನಿನಲ್ಲಿ ಖಚಿತವಾಗಿತ್ತು. ಪೆಟ್ಟಿಗೆಯ ಮೇಲೆ ಎಚ್.ಡಿ.ಆರ್. ಎಂಬ ಬಿರುದು ಇದಕ್ಕೂ ಇತ್ತು. ಮಗ ಅದನ್ನೇ ದೊಡ್ಡದು ಮಾಡಲು ಹೊರಟಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಎಚ್.ಡಿ.ಆರ್. ಚಿತ್ರಗಳನ್ನು ಸಾವಿರ ನಿಟ್‌ವರೆಗಿನ ಪ್ರಖರತೆಗೆಂದು ತಯಾರಿಸುವುದು ರೂಢಿ. ಈ ದರದ ಪರದೆಗಳು ಬೆಳಗುವುದು 250–300 ನಿಟ್ ಅಷ್ಟೆ. ಸಂಕೇತವನ್ನು ಓದಬಲ್ಲದು, ತೋರಿಸಲಾರದು. ಸಂಗೀತದ ಸ್ವರಲಿಪಿ ಓದಲು ಬಂದ ಮಾತ್ರಕ್ಕೆ ಹಾಡಲು ಬರಬೇಕೆಂದೇನೂ ಇಲ್ಲವಲ್ಲ.

ಸ್ಮಾರ್ಟ್ ಟಿ.ವಿ.ಯ ತಂತ್ರಾಂಶದ ವಿಷಯದಲ್ಲೂ ಹೆಚ್ಚು ಚಿಂತೆ ಬೇಡ. ಒಂದು ಜಿ.ಬಿ. ರ‍್ಯಾಮ್ ಇದ್ದರೆ ಎತ್ತಿನ ಗಾಡಿ, ಎರಡಾದರೆ ಪರವಾಗಿಲ್ಲ. ನಾಲ್ಕೈದು ವರ್ಷಗಳಲ್ಲಿ ಆ್ಯಪ್‌ಗಳು ಮುಂದೆ ಹೋಗಿ ಟಿ.ವಿ. ಹಿಂದುಳಿಯುವುದು ಖಂಡಿತ. ಆಗ ಟಿ.ವಿ. ಬದಲಿಸಬೇಕಿಲ್ಲ. ಎಚ್.ಡಿ.ಎಂ.ಐ. ಕಿಂಡಿಗೆ ಸಿಕ್ಕಿಸುವ ಒಂದು ಕಡ್ಡಿ ನಾಲ್ಕೈದು ಸಾವಿರದೊಳಗೆ ಸಿಗುತ್ತದೆ. ಆ ಕಿಂಡಿಗಳು ಎರಡಕ್ಕಿಂತ ಕಡಿಮೆ ಇರಬಾರದು, ಒಂದು ಸೆಟ್‌ಟಾಪ್ ಬಾಕ್ಸಿಗೇ ಹೋಗುತ್ತದೆ.

ಮಿಕ್ಕ ನಾಲ್ಕು ಸಾವಿರದಲ್ಲಿ ಎಚ್.ಡಿ. ಪೆಟ್ಟಿಗೆಗೆ ಒಂದು ಪಾಲು ಹೋಯಿತು. ಧ್ವನಿಪಟ್ಟಿ, ಅಂದರೆ ಸೌಂಡ್‌ಬಾರ್, ತರಬೇಕೆಂದು ಮಗನ ಮುಂದಿನ ಬೇಡಿಕೆ. ಇದರಲ್ಲಿ ಅವನದೇ ಸರಿ. ಟಿ.ವಿ. ತೆಳ್ಳಗಾದಂತೆ ಸ್ಪೀಕರು ಕುಗ್ಗಿ ಬೆನ್ನ ಹಿಂದೆಯೋ ಹೊಟ್ಟೆಯ ಕೆಳಗೋ ಸೇರಿಕೊಂಡಿದೆ. ಮುಖದ ಪಕ್ಕದಲ್ಲೇ ಸ್ಪೀಕರಿದ್ದ ಹಳೆಯ ಡಬ್ಬಿಯ ಮಾತು ಇದಕ್ಕಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಕಿವಿ ಮಂದವಾದ ಹಿರಿಯರಿರುವ ಮನೆಯಲ್ಲಿ ಇದು ಐಷಾರಾಮವಲ್ಲ. ಆದರೂ ಸಂಘದ ಕಂತು ಮುಗಿಯಲಿ ಎಂದಾಯಿತು.

ವಿದ್ಯುತ್ತಿನ ಭಯ ಬೇಡ. 43 ಇಂಚಿನದು ಸುಮಾರು 80 ವಾಟ್ ಎಂದಿಟ್ಟುಕೊಂಡರೆ ದಿನಕ್ಕೆ ಐದು ಗಂಟೆಗೆ 0.4 ಯೂನಿಟ್, ತಿಂಗಳಿಗೆ 12. ಹಳೆಯ 21 ಇಂಚಿನದೂ ಹೆಚ್ಚುಕಡಿಮೆ ಇಷ್ಟೇ ತಿನ್ನುತ್ತಿತ್ತು. ಭಯ ಪಡಬೇಕಾದದ್ದು ಸಿಡಿಲಿಗೆ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಡಿಷ್ ಅಥವಾ ಕೇಬಲ್ ತಂತಿಯನ್ನೂ ಬಿಚ್ಚಬೇಕು, ಏಕೆಂದರೆ ಸಿಡಿಲಿನ ವಿದ್ಯುತ್ತು ಆ ತಂತಿಯ ಮೂಲಕವೂ ಒಳಬರುತ್ತದೆ. ಹಿಂದಿನ ದೀಪದ ಪ್ರಖರತೆಯನ್ನು ನೂರರಿಂದ ಅರವತ್ತಕ್ಕೆ ಇಳಿಸಿದರೆ ದೀಪದ ಪಟ್ಟಿ ಹೆಚ್ಚು ಕಾಲ ಬಾಳುತ್ತದೆ, ಅಜ್ಜಿಯ ಕಣ್ಣಿಗೂ ಹಿತ.

ಜೋಡಿಸಲು ಬಂದವನು ಗೋಡೆಯಲ್ಲಿ ಆರಡಿ ಎತ್ತರಕ್ಕೆ ಗುರುತು ಹಾಕಿದ. ಎಲ್ಲರ ಮನೆಯಲ್ಲೂ ಅಲ್ಲೇ ಹಾಕುವುದಂತೆ! ಹೆಂಡತಿ ಒಪ್ಪಲಿಲ್ಲ. ಚಾಪೆಯ ಮೇಲೆ ಕುಳಿತ ಅಜ್ಜಿಯ ಕಣ್ಣಿನ ಮಟ್ಟ ನೆಲದಿಂದ ಎರಡೂವರೆ ಅಡಿ. ಹಳೆಯ ಟಿ.ವಿ.ಯ ಮರದ ಸ್ಟ್ಯಾಂಡಿನ ಎತ್ತರ ಒಂದೂವರೆ ಅಡಿ. ಅದರ ಮೇಲಿಟ್ಟರೆ ಪರದೆಯ ನಡುಭಾಗ ಸರಿಯಾಗಿ ಕಣ್ಣಿನ ನೇರಕ್ಕೆ ಬರುತ್ತದೆ. ಆದರೆ ಹೊಸ ಟಿ.ವಿ.ಯ ಎರಡು ಕಾಲುಗಳು ಎರಡು ತುದಿಯಲ್ಲಿ, ಸ್ಟ್ಯಾಂಡಿನ ಅಗಲವೋ ಎರಡೇ ಅಡಿ. ಕಾಲು ಹೊರಗೇ ಉಳಿಯಿತು. ಅಂಗಡಿಯಲ್ಲಿ ಎಲ್ಲವನ್ನೂ ಅಳೆದಿದ್ದವರು ಇದೊಂದನ್ನು ಅಳೆಯಲು ಮರೆತಿದ್ದರು.

ಟಿ.ವಿ. ಎರಡು ದಿನ ಮಂಚದ ಮೇಲೆ ಗೋಡೆಗೊರಗಿ ಕುಳಿತಿತ್ತು. ಮೂರನೆಯ ದಿನ ಬಡಗಿ ಮೂರಡಿಯ ಹಲಗೆಯೊಂದನ್ನು ಸ್ಟ್ಯಾಂಡಿನ ಮೇಲೆ ಬಿಗಿದು ಕೊಟ್ಟ. ಕೂಲಿ, ಹಲಗೆ ಸೇರಿ 600 ರೂಪಾಯಿ. ರಾತ್ರಿ ಪಾಳಿ ಮುಗಿಸಿ ಬಂದ ಕಂಡಕ್ಟರರು ಬಾಗಿಲಲ್ಲೇ ನಿಂತರು. ಹಳೆಯ ರಾಜ್‌ಕುಮಾರ್ ಚಿತ್ರ ಬರುತ್ತಿತ್ತು, ಮುಖಗಳೆಲ್ಲ ಅಡ್ಡಕ್ಕೆ ಹಿಗ್ಗಿದ್ದವು. ಮಗ ರಿಮೋಟು ಹುಡುಕಿ ಚಿತ್ರವನ್ನು 4:3ಕ್ಕೆ ತಂದ. ಎರಡೂ ಪಕ್ಕ ಕಪ್ಪು ಪಟ್ಟಿ ಬಿದ್ದು, ನಡುವೆ ರಾಜ್‌ಕುಮಾರ್ ಮತ್ತೆ ಮೊದಲಿನಂತಾದರು. ‘ಈಗ ಸರಿಯಾತು ಬಿಡು’ ಎಂದು ಅಜ್ಜಿ ಚಾಪೆಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡರು.